ವೋಲ್ಟೇಜ್ ಇಳಿದಾಗ ಆಂಪಿಯರ್ ನೋಡಿ

ಕ್ಲ್ಯಾಂಪ್ ಮೀಟರ್ ಹಿಡಿದು ಅಳೆಯುವ ಹವ್ಯಾಸ ಇರುವವರಿಗೆ ಸೊಲ್ಲಾಪುರ ಸೀಮೆಯಲ್ಲಿ ಕೆಲಸಕ್ಕೆ ಬರವಿಲ್ಲ. ಪೇಟೆಯಲ್ಲಿ ಚಾದರ, ಟವೆಲ್ ನೇಯುವ ಪವರ್‌ಲೂಮ್. ಅಕ್ಕಲಕೋಟೆಯ ಕಡೆ ಹೊರಟರೆ ಬಾವಿಗೂ ಬೋರಿಗೂ ಪಂಪು. ಎಲ್ಲಕ್ಕೂ ಎರಡೇ ಅಳತೆ. ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ರೋಧ, ಜರ್ಮನಿಯ ಓಮ್ 1827ರಲ್ಲಿ ಪ್ರಕಟಿಸಿದ ನಿಯಮ. ಎರಡನ್ನೂ ಗುಣಿಸಿದರೆ ವಾಟು.

ನೀರು ಕಾಯಿಸುವ ಹೀಟರ್ ರಾಡನ್ನೇ ತೆಗೆದುಕೊಳ್ಳಿ. 1500 ವಾಟಿನ ರಾಡು 230 ವೋಲ್ಟಿನಲ್ಲಿ ಸುಮಾರು 6.5 ಆಂಪಿಯರ್ ಎಳೆಯುತ್ತದೆ. ರೋಧ 35 ಓಮ್. ಅದರ ನಿಕ್ರೋಮ್ ತಂತಿಯ ರೋಧ ಹೆಚ್ಚು ಕಡಿಮೆ ಅಷ್ಟೇ ಇರುತ್ತದೆ. ಸಂಜೆ ವೋಲ್ಟೇಜ್ 180ಕ್ಕೆ ಇಳಿದರೆ ಕರೆಂಟು 5.1 ಆಂಪಿಯರ್, ಗುಣಿಸಿದರೆ ಸುಮಾರು 920 ವಾಟ್. ವೋಲ್ಟು ಇಳಿದದ್ದು ಕಾಲು ಭಾಗಕ್ಕೂ ಕಡಿಮೆ, ಕಾವು ಇಳಿದದ್ದು ಐದರಲ್ಲಿ ಎರಡು ಪಾಲು. ಇಪ್ಪತ್ತು ನಿಮಿಷಕ್ಕೆ ಕಾಯುತ್ತಿದ್ದ ಬಕೆಟ್ಟಿಗೆ ಅರ್ಧ ಗಂಟೆ ದಾಟುತ್ತದೆ. ರಾಡಿಗೆ ಮಾತ್ರ ಏನೂ ಅಪಾಯವಿಲ್ಲ.

ಹಳೆಯ 100 ವಾಟಿನ ಬಲ್ಬು ಸಿಕ್ಕರೆ ಬಿಡಬೇಡಿ. ಉರಿಯುವಾಗ 0.43 ಆಂಪಿಯರ್, ಲೆಕ್ಕಕ್ಕೆ 530 ಓಮ್. ಅದೇ ಬಲ್ಬನ್ನು ಬಿಚ್ಚಿ, ತಣ್ಣಗಿರುವಾಗ ಮಲ್ಟಿಮೀಟರ್ ಇಟ್ಟರೆ ನಲವತ್ತರ ಆಸುಪಾಸು ತೋರಿಸುತ್ತದೆ. ಎರಡೂ ಸರಿ. ಎರಡು ಸಾವಿರ ಡಿಗ್ರಿ ಮೀರಿ ಕಾದ ಟಂಗ್‌ಸ್ಟನ್‌ನ ರೋಧ ಹತ್ತು ಪಟ್ಟಿಗೂ ಹೆಚ್ಚು ಏರುತ್ತದೆ. ಆದ್ದರಿಂದ ರೋಧವನ್ನು ವಸ್ತು ಕೆಲಸ ಮಾಡುವಾಗಿನ ವೋಲ್ಟು, ಆಂಪಿಯರಿನಿಂದಲೇ ಕಂಡುಕೊಳ್ಳಬೇಕು.

ಮೋಟಾರಿನ ಸ್ವಭಾವವೇ ಬೇರೆ. ಅದರ ಸುರುಳಿಯ ರೋಧ ಕೆಲವೇ ಓಮ್. ಬರಿಯ ಭಾಗಾಕಾರ ನಂಬಿದರೆ ನೂರರ ಹತ್ತಿರ ಆಂಪಿಯರ್ ಹರಿಯಬೇಕು. ತಿರುಗುವ ಮೋಟಾರು ಒಳಗಿನಿಂದಲೇ ಎದುರು ವೋಲ್ಟೇಜ್ ಹುಟ್ಟಿಸಿ ಅದನ್ನು ತಡೆಯುತ್ತದೆ. ಐದು ಎಚ್‌ಪಿಯ ತ್ರೀ ಫೇಜ್ ಪಂಪು 415 ವೋಲ್ಟಿನಲ್ಲಿ ಫೇಜಿಗೆ ಎಂಟು ಆಂಪಿಯರ್ ಆಸುಪಾಸು ಎಳೆಯುತ್ತದೆ. ವಾಟು ಬೇಕಿದ್ದರೆ ವೋಲ್ಟು, ಆಂಪಿಯರಿನ ಗುಣಲಬ್ಧಕ್ಕೆ 1.73ನ್ನೂ ಪವರ್ ಫ್ಯಾಕ್ಟರನ್ನೂ ಸೇರಿಸಿ ಗುಣಿಸಬೇಕು.

ಟ್ರಾನ್ಸ್‌ಫಾರ್ಮರಿನಿಂದ ದೂರದ ಹೊಲದಲ್ಲಿ ವೋಲ್ಟೇಜ್ 340ಕ್ಕೆ ಇಳಿಯಿತೆನ್ನಿ. ಎತ್ತಬೇಕಾದ ನೀರಿನ ಭಾರ ಹೆಚ್ಚೇನೂ ತಗ್ಗುವುದಿಲ್ಲ, ಹಾಗಾಗಿ ಕರೆಂಟು ಹತ್ತರ ಹತ್ತಿರ ಏರುತ್ತದೆ. ಸುರುಳಿಯ ಕಾವು ಕರೆಂಟಿನ ವರ್ಗದಂತೆ ಬೆಳೆಯುವುದರಿಂದ ಅದು ಒಂದೂವರೆ ಪಟ್ಟಾಗುತ್ತದೆ. ಕಡಿಮೆ ವೋಲ್ಟೇಜಿನಲ್ಲಿ ಮೋಟಾರು ಸುಡುವುದು ಹೀಗೆ. ರೈತ ರಿವೈಂಡಿಂಗಿಗೆ ಕೊಡುವ ದುಡ್ಡು ಈ ವರ್ಗದ ಲೆಕ್ಕದ್ದು.

ಇದೇ ವರ್ಗದ ಲೆಕ್ಕ ಇಡೀ ದೇಶದ ವಿದ್ಯುತ್ ಜಾಲವನ್ನೂ ಆಳುತ್ತದೆ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕಿಲೋವೋಲ್ಟ್ ಮಾರ್ಗ ಚಾಲೂ ಆಗಿ, ದಕ್ಷಿಣದ ಜಾಲ ಉಳಿದ ಭಾರತದ ಜಾಲದೊಂದಿಗೆ ಒಂದೇ ಲಯಕ್ಕೆ ಬಂತು. ಸಾವಿರ ಮೆಗಾವಾಟ್ ಸಾಗಿಸಲು 765ರಲ್ಲಿ ಸುಮಾರು 755 ಆಂಪಿಯರ್ ಸಾಕು. 400 ಕಿಲೋವೋಲ್ಟಿನಲ್ಲಿ 1440 ಬೇಕು. ತಂತಿ ಅದೇ ಆದರೆ ನಷ್ಟ ಮೂರೂವರೆ ಪಟ್ಟು ದಾಟುತ್ತದೆ.

ವೋಲ್ಟೇಜ್ ಸರಿಯಿರುವ ದಿನ ನಿಮ್ಮ ಪಂಪಿನ ಮೂರೂ ಫೇಜಿನ ಆಂಪಿಯರ್ ಅಳೆದು ಸ್ಟಾರ್ಟರ್ ಡಬ್ಬಿಯ ಮೇಲೆ ಬರೆದಿಡಿ. ಓವರ್‌ಲೋಡ್ ರಿಲೇಯನ್ನು ಮೋಟಾರಿನ ಪಟ್ಟಿಯಲ್ಲಿರುವ ಆಂಪಿಯರಿಗೆ ಹೊಂದಿಸಿ. ಅದು ಮೇಲಿಂದ ಮೇಲೆ ಟ್ರಿಪ್ ಆಗುತ್ತದೆಂದು ಬೇಸತ್ತು ತೆಗೆದು ನೇರ ಜೋಡಿಸಬೇಡಿ. ಅದು ಟ್ರಿಪ್ ಆದಷ್ಟು ಸಲ ಮೋಟಾರು ಉಳಿದಿದೆ.