ಹಳೆಯ ಡೀಸೆಲ್‌ಗೆ ಹೊಸ ಉಸಿರು

ಮರ್ಸಿಡಿಸ್‌ನ ಐದು ಸಿಲಿಂಡರಿನ ಓಎಂ617 ಡೀಸೆಲ್ ಇಂಜಿನ್ ನನಗೆ ಅಚ್ಚುಮೆಚ್ಚು. ನಮ್ಮ ಟೆಂಪೊ ಟ್ರಾವೆಲರ್‌ನಲ್ಲಿ ದುಡಿದ ನಾಲ್ಕು ಸಿಲಿಂಡರಿನ ಓಎಂ616ಕ್ಕೆ ಇದು ಒಡಹುಟ್ಟು. ಮೂರು ಲೀಟರಿನ ಈ ಇಂಜಿನ್ ಮೊದಲು ಕೊಡುತ್ತಿದ್ದದ್ದು 80 ಅಶ್ವಶಕ್ತಿ ಮಾತ್ರ. 1976ರಲ್ಲಿ ಇದಕ್ಕೆ ಟರ್ಬೊ ಜೋಡಿಸಿ ಸಿ111 ಎಂಬ ಪ್ರಯೋಗದ ಕಾರಿನಲ್ಲಿ ಇಟ್ಟರು. ಶಕ್ತಿ 190ಕ್ಕೆ ಏರಿತು. ಇಟಲಿಯ ನಾರ್ದೊ ಟ್ರ್ಯಾಕಿನಲ್ಲಿ ಗಂಟೆಗೆ 250 ಕಿ.ಮೀ. ಮೀರಿದ ಸರಾಸರಿ ವೇಗದಲ್ಲಿ ಅದು ದಾಖಲೆ ಬರೆಯಿತು. 1978ರಲ್ಲಿ ಟರ್ಬೊ ಇಂಜಿನ್ ಅಮೆರಿಕದ ಗಿರಾಕಿಗಳ 300ಎಸ್‌ಡಿ ಕಾರಿಗೂ ಬಂತು.

ಟರ್ಬೊದಲ್ಲಿ, ಸೈಲೆನ್ಸರಿನತ್ತ ವ್ಯರ್ಥವಾಗಿ ಹೋಗುವ ಬಿಸಿ ಹೊಗೆಯೇ ಚಕ್ರ ತಿರುಗಿಸಿ ಸಿಲಿಂಡರಿಗೆ ಗಾಳಿ ತುಂಬುತ್ತದೆ. ಎಂಥ ಸೊಗಸಾದ ಯೋಚನೆ! ಆದರೆ ನಾನು ಹೆಚ್ಚು ಮೆಚ್ಚುವುದು ಕಣ್ಣಿಗೆ ಬೀಳದ ಕೆಲಸವನ್ನು. ಪಿಸ್ಟನ್ನಿನ ಅಡಿಗೆ ಆಯಿಲ್ ಚಿಮ್ಮಿಸುವ ಪುಟ್ಟ ನಳಿಕೆಗಳು, ಒಳಗೆ ಸೋಡಿಯಂ ತುಂಬಿದ ಎಕ್ಸಾಸ್ಟ್ ವಾಲ್ವುಗಳು: ಶಕ್ತಿಯ ಜೊತೆಗೇ ಬರುವ ಬಿಸಿಯನ್ನು ಮೊದಲೇ ಲೆಕ್ಕ ಹಾಕಿದ ಕೈಗಳ ಗುರುತುಗಳಿವು.

ಹಳೆಯ ಇಂಜಿನ್ನಿಗೆ ಗ್ಯಾರೇಜಿನಲ್ಲಿ ಟರ್ಬೊ ಕೂರಿಸುವ ಒಳ್ಳೆಯ ಮೇಸ್ತ್ರಿಯನ್ನೂ ಇಂಥ ಕೆಲಸದಲ್ಲೇ ಗುರುತಿಸಬಹುದು. ಟರ್ಬೊದಿಂದ ಆಯಿಲ್ ವಾಪಸು ಬರುವ ಪೈಪು ದಪ್ಪವಾಗಿರಬೇಕು, ಎಲ್ಲೂ ಡೊಂಕಾಗದೆ ಇಳಿಜಾರಾಗಿ ಇಂಜಿನ್ ತಳದ ಆಯಿಲ್ ಸಂಪ್‌ಗೆ ಸೇರಬೇಕು. ಅಲ್ಲಿ ಆಯಿಲ್ ನಿಂತರೆ ಸೀಲು ದಾಟಿ ಸೋರುತ್ತದೆ. ಗಾಳಿ ಹೆಚ್ಚಿಸದೆ ಪಂಪಿನ ಸ್ಕ್ರೂ ತಿರುಗಿಸಿ ಡೀಸೆಲ್ಲನ್ನಷ್ಟೇ ಸುರಿದರೆ ಸಿಗುವುದು ಕಪ್ಪು ಹೊಗೆ, ಕರಗುವ ಪಿಸ್ಟನ್.

ನಿಮ್ಮ ಹಳೆಯ ಗಾಡಿಗೆ ಟರ್ಬೊ ಹಾಕಿಸುವ ಆಸೆಯಿದ್ದರೆ, ಹೊಗೆಯ ಉಷ್ಣತೆ ತೋರಿಸುವ ಮೀಟರನ್ನು ಮೊದಲು ಹಾಕಿಸಿ.