ಇಂಗ್ಲಿಷಿನ ಪೂರಕಾಪೇಕ್ಷಿ ಸಕರ್ಮಕ ಕ್ರಿಯಾಪದಗಳು: ಎರಡು ಮತಗಳ ವಿಮರ್ಶೆ

ಇಂಗ್ಲಿಷಿನ ಕೆಲವು ಸಕರ್ಮಕ ಕ್ರಿಯಾಪದಗಳು ಕರ್ಮವೊಂದರಿಂದಲೇ ತೃಪ್ತವಾಗದೆ, ಆ ಕರ್ಮವನ್ನು ಕುರಿತು ಏನನ್ನಾದರೂ ಹೇಳುವ ಪೂರಕಪದವನ್ನೂ ಅಪೇಕ್ಷಿಸುತ್ತವೆ. ಇವನ್ನು ದ್ವಿಕರ್ಮಕಗಳೆಂದು ಭ್ರಮಿಸುವುದು ಸುಲಭ. ‘ಷಿ ಮೇಡ್ ಹಿಮ್ ಎ ಕೋಟ್’, ‘ಷಿ ಮೇಡ್ ಹಿಮ್ ಎ ಸೋಲ್ಜರ್’ ಎಂಬ ವಾಕ್ಯಗಳ ಹೊರಮೈ ಒಂದೇ ಬಗೆಯದು. ಆದರೆ ಅವನು ಕೋಟಾಗಲಿಲ್ಲ, ಸೈನಿಕನಾದನು. ಮೊದಲನೆಯದರಲ್ಲಿರುವುದು ಎರಡು ಕರ್ಮಗಳು. ಎರಡನೆಯದರಲ್ಲಿ ಒಂದು ಕರ್ಮ, ಅದಕ್ಕೊಂದು ಪೂರಕ.

ಭಾರತದ ಶಾಲೆಗಳಲ್ಲಿ ಬಹುಕಾಲ ಬಳಕೆಯಲ್ಲಿದ್ದ ನೆಸ್‌ಫೀಲ್ಡರ ವ್ಯಾಕರಣವು ಈ ವರ್ಗವನ್ನು ‘ಫ್ಯಾಕ್ಟಿಟಿವ್’ ಎಂದು ಕರೆಯಿತು. ‘ಮಾಡು’ ಎಂಬರ್ಥದ ಲ್ಯಾಟಿನ್ ಧಾತುವಿನಿಂದ ಬಂದ ಈ ಹೆಸರು ‘ಮೇಕ್’, ‘ಎಲೆಕ್ಟ್’ಗಳಿಗೆ ಒಪ್ಪುತ್ತದೆ. ‘ದೆ ಕನ್ಸಿಡರ್ಡ್ ಹಿಮ್ ಆನೆಸ್ಟ್’ ಎಂಬಲ್ಲಿ ಯಾರೂ ಯಾರನ್ನೂ ಏನನ್ನಾಗಿಯೂ ಮಾಡಿಲ್ಲ. ಅಲ್ಲಿರುವುದು ಕೇವಲ ಅಭಿಪ್ರಾಯ. ಇಂಥ ಕ್ರಿಯಾಪದ ಪೂರಕವಿಲ್ಲದೆ ಅಪೂರ್ಣವೆಂಬ ಲಕ್ಷಣವೂ ಎಲ್ಲೆಡೆ ನಿಲ್ಲದು: ‘ದೆ ಎಲೆಕ್ಟೆಡ್ ಹಿಮ್’ ಎಂಬುದು ತಾನಾಗಿಯೇ ಪೂರ್ಣವಾಕ್ಯ.

ಡೆನ್ಮಾರ್ಕಿನ ವಿದ್ವಾಂಸ ಯೆಸ್ಪರ್ಸನ್ನರು 1924ರ ‘ದಿ ಫಿಲಾಸಫಿ ಆಫ್ ಗ್ರ್ಯಾಮರ್’ ಗ್ರಂಥದಲ್ಲಿ ಕರ್ಮ-ಪೂರಕಗಳನ್ನು ಕೂಡಿಸಿ, ಆ ಜೋಡಿಯೇ ಕ್ರಿಯೆಯ ಕರ್ಮವೆಂದು ಕಂಡರು. ಅವರ ‘ನೆಕ್ಸಸ್’ ಮತವು ‘ಕನ್ಸಿಡರ್’ಗೆ ಚೆನ್ನಾಗಿ ಹೊಂದುತ್ತದೆ, ಏಕೆಂದರೆ ಅಭಿಪ್ರಾಯದ ವಿಷಯವು ಅವನಲ್ಲ, ಅವನು ಪ್ರಾಮಾಣಿಕನೆಂಬುದು. ಆದರೆ ‘ಎಲೆಕ್ಟ್’ನಲ್ಲಿ ಆಯ್ಕೆಗೊಂಡವನು ಅವನೇ, ಅಲ್ಲಿ ಕರ್ಮಕ್ಕೆ ಸ್ವತಂತ್ರವಾದ ನೆಲೆಯಿದೆ.

ಈ ಭೇದವನ್ನು ನಮ್ಮ ಕನ್ನಡವು ಬಹುಮಟ್ಟಿಗೆ ಪ್ರತ್ಯಕ್ಷವಾಗಿಯೇ ತೋರುತ್ತದೆ. ‘ಅವನನ್ನು ಅಧ್ಯಕ್ಷನನ್ನಾಗಿ ಆರಿಸಿದರು’ ಎಂಬಲ್ಲಿ ‘ಆಗಿ’; ‘ಅವನನ್ನು ಪ್ರಾಮಾಣಿಕನೆಂದು ಭಾವಿಸಿದರು’ ಎಂಬಲ್ಲಿ ‘ಎಂದು’. ಒಂದು ಪರಿಣಾಮವನ್ನೂ ಇನ್ನೊಂದು ಅಭಿಪ್ರಾಯವನ್ನೂ ಸೂಚಿಸುತ್ತದೆ. ಇಂಗ್ಲಿಷು ಈ ಎರಡಕ್ಕೂ ಒಂದೇ ವಿನ್ಯಾಸವನ್ನು ಕೊಟ್ಟಿರುವುದರಿಂದ, ನೆಸ್‌ಫೀಲ್ಡರ ಹೆಸರು ‘ಆಗಿ’ಯ ಕಡೆಗೂ ಯೆಸ್ಪರ್ಸನ್ನರ ವಿವರಣೆ ‘ಎಂದು’ವಿನ ಕಡೆಗೂ ಹೆಚ್ಚು ವಾಲುವಂತಾಯಿತು.

ಕ್ವರ್ಕ್ ಮತ್ತು ಸಂಗಡಿಗರ 1985ರ ಬೃಹದ್ವ್ಯಾಕರಣವು ಈ ವರ್ಗಕ್ಕೆ ‘ಕಾಂಪ್ಲೆಕ್ಸ್ ಟ್ರಾನ್ಸಿಟಿವ್’ ಎಂಬ ತಟಸ್ಥವಾದ ಹೆಸರಿಟ್ಟು, ವಾಕ್ಯದ ಏಳು ಮಾದರಿಗಳಲ್ಲಿ ಒಂದನ್ನಾಗಿ ಎಣಿಸಿತು. ಹೆಸರಿನ ದೋಷ ಇದರಿಂದ ಕಳೆಯಿತು. ಆದರೆ ಹೆಸರನ್ನು ಕಂಠಪಾಠ ಮಾಡಿದ ಮಾತ್ರಕ್ಕೆ ವಾಕ್ಯ ಅರ್ಥವಾಗದು. ಕರ್ಮಕ್ಕೂ ಅದರ ಮುಂದಿನ ಪದಕ್ಕೂ ನಡುವೆ ‘ಆಗಿರು’ ಎಂಬ ಸಂಬಂಧವುಂಟೆ ಎಂದು ವಿದ್ಯಾರ್ಥಿಯು ಮೊದಲು ಕೇಳಿಕೊಳ್ಳಲಿ. ಉಂಟಾದರೆ, ಅದು ಪರಿಣಾಮವೋ ಅಭಿಪ್ರಾಯವೋ ಎಂಬುದನ್ನು ಬಳಿಕ ವಿಚಾರಿಸಲಿ. ಅಧ್ಯಾಪನವು ಈ ಎರಡು ಪ್ರಶ್ನೆಗಳಿಂದ ಆರಂಭವಾಗುವುದು ಯುಕ್ತವೆಂದು ನಾವು ಭಾವಿಸುತ್ತೇವೆ.