ರಂಗಭೂಮಿಯ ಮೂಲ: ಆಚರಣಾ ಸಿದ್ಧಾಂತ ಮತ್ತು ಅದರ ಮಿತಿ

ನಾಟಕವು ಧಾರ್ಮಿಕ ಆಚರಣೆಯಿಂದ ಹುಟ್ಟಿತೆಂಬ ವಾದವು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕೇಂಬ್ರಿಜ್ ಪಂಥದ ವಿದ್ವಾಂಸರಿಂದ ಬಲ ಪಡೆಯಿತು. ಜೇನ್ ಹ್ಯಾರಿಸನ್ ಅವರ 'ಥೆಮಿಸ್' (1912) ಕೃತಿಗೆ ಗಿಲ್ಬರ್ಟ್ ಮರ್ರೆ ಬರೆದ ಅನುಬಂಧವು, ಸತ್ತು ಮರಳಿ ಹುಟ್ಟುವ ಋತುದೈವದ ಆರಾಧನಾ ವಿಧಿಯೇ ಗ್ರೀಕ್ ರುದ್ರನಾಟಕದ ಒಡಲಲ್ಲಿದೆಯೆಂದು ಪ್ರತಿಪಾದಿಸಿತು. ಈ ಸಿದ್ಧಾಂತದ ಆಕರ್ಷಣೆ ಅದರ ಸರಳತೆಯಲ್ಲಿದೆ. ದೌರ್ಬಲ್ಯವೂ ಅಲ್ಲಿಯೇ ಇದೆ. 1927ರಲ್ಲಿ ಪಿಕರ್ಡ್-ಕೇಂಬ್ರಿಜ್ ಅವರು ಆಧಾರಗಳನ್ನು ಒಂದೊಂದಾಗಿ ಪರಿಶೀಲಿಸಿ ಇದನ್ನು ಪ್ರಶ್ನಿಸಿದರು. ಆದರೂ ಪಠ್ಯಪುಸ್ತಕಗಳಲ್ಲಿ ಅದು ಸಿದ್ಧಸತ್ಯವೆಂಬಂತೆ ಉಳಿದುಬಂದಿರುವುದು ಸೋಜಿಗ.

ಉಪಲಬ್ಧ ಗ್ರೀಕ್ ನಾಟಕಗಳಲ್ಲಿ ಅತ್ಯಂತ ಪ್ರಾಚೀನವೆಂದು ಪರಿಗಣಿತವಾದುದು ಈಸ್ಕಿಲಸನ ಕ್ರಿ.ಪೂ. 472ರ ಕೃತಿ. ಬಿ.ಎಂ.ಶ್ರೀ. ಅವರು 'ಪಾರಸಿಕರು' ಎಂದು ಕನ್ನಡಕ್ಕೆ ತಂದದ್ದು ಇದನ್ನೇ. ಅದರ ವಸ್ತು ದೈವದ ಸಾವಲ್ಲ, ಎಂಟು ವರ್ಷಗಳ ಹಿಂದೆಯಷ್ಟೇ ನಡೆದಿದ್ದ ಸಲಾಮಿಸ್ ಕದನ. ಗೆದ್ದ ಅಥೆನ್ಸಿನ ಪ್ರೇಕ್ಷಕರ ಎದುರು ಕವಿ ಸೋತವರ ಗೋಳನ್ನು ನಿಲ್ಲಿಸಿದನು. ನಾಟಕದ ನಡುವೆ ದರಿಯಸನ ಪ್ರೇತವನ್ನು ಗೋರಿಯಿಂದ ಆವಾಹಿಸುವ ವಿಧಿಯುಂಟು ನಿಜ. ಆದರೆ ಅಲ್ಲಿ ವಿಧಿಯು ನಾಟಕಕಾರನ ಕೈಯ ಉಪಕರಣವೇ ಹೊರತು ನಾಟಕವು ವಿಧಿಯ ಮುಂದುವರಿಕೆಯಲ್ಲ. ಮೂಲವನ್ನಷ್ಟೇ ಅರಸುವ ಕಣ್ಣಿಗೆ ಕವಿಯ ಈ ಆಯ್ಕೆ ಕಾಣಿಸುವುದಿಲ್ಲ.

ಭರತನ ನಾಟ್ಯಶಾಸ್ತ್ರವು ಈ ವಿಷಯದಲ್ಲಿ ಹೆಚ್ಚು ಸೂಕ್ಷ್ಮವಾಗಿದೆ. ಬ್ರಹ್ಮನು ನಾಲ್ಕು ವೇದಗಳಿಂದ ಸಾರ ತೆಗೆದು ನಾಟ್ಯವೇದವನ್ನು ರಚಿಸಿದನೆಂಬ ಭಾಗವನ್ನು ಎಲ್ಲರೂ ಉಲ್ಲೇಖಿಸುತ್ತಾರೆ. ಅದಕ್ಕಿಂತ ಮುಖ್ಯವಾದುದು ಮುಂದಿನ ಪ್ರಸಂಗ. ಇಂದ್ರಧ್ವಜೋತ್ಸವದ ಮೊದಲ ಪ್ರಯೋಗದಲ್ಲಿ ತಮ್ಮ ಸೋಲನ್ನು ಕಂಡ ದೈತ್ಯರು ಕೆರಳಿ ನಟರನ್ನು ಸ್ತಂಭನಗೊಳಿಸುತ್ತಾರೆ. ಇಂದ್ರನು ಜರ್ಜರದಿಂದ ಅವರನ್ನು ಸದೆಬಡಿಯಬೇಕಾಗುತ್ತದೆ. ಬಳಿಕ ಬ್ರಹ್ಮನು, ನಾಟ್ಯವು ಒಂದು ಪಕ್ಷದ್ದಲ್ಲ, ಮೂರು ಲೋಕಗಳ ಭಾವಾನುಕೀರ್ತನವೆಂದು ದೈತ್ಯರನ್ನು ಸಂತೈಸುತ್ತಾನೆ. ಕೊನೆಗೆ, ಋಷಿಗಳನ್ನೇ ಅಣಕಿಸಿ ಆಡಿದ ಭರತಪುತ್ರರು ಶಾಪಗ್ರಸ್ತರಾಗಿ ಕುಲದಿಂದ ಕೆಳಗಿಳಿಯುತ್ತಾರೆ. ಮೂಲಕಥೆಯೊಳಗೇ ವಿವಾದ, ಅಣಕ, ನಟರ ಸಾಮಾಜಿಕ ಅವಮಾನ ಇವೆಲ್ಲ ಸೇರಿರುವುದು ಆಕಸ್ಮಿಕವಿರಲಾರದು.

ಆಚರಣಾ ಸಿದ್ಧಾಂತದಿಂದ ಆಗಿರುವ ಇನ್ನೊಂದು ಹಾನಿ ಆಚರಣೆಗೇ ತಟ್ಟಿದೆ. ತುಳುನಾಡಿನ ಭೂತಕೋಲವನ್ನು 'ಆದಿಮ ರಂಗಭೂಮಿ' ಎಂದು ಕರೆಯುವ ರೂಢಿ ಬೆಳೆದಿದೆ. ಬಣ್ಣ, ಅಣಿ, ಗಗ್ಗರ, ಪಾಡ್ದನ ಇವುಗಳಿಂದಾಗಿ ಹೋಲಿಕೆ ಸಹಜವೆನಿಸಬಹುದು. ಆದರೆ ಅಲ್ಲಿ ನೆರೆದವರು ಪ್ರೇಕ್ಷಕರಲ್ಲ. ದೈವದ ನುಡಿಗೆ ಅವರು ಬದ್ಧರು; ಕುಟುಂಬದ ವ್ಯಾಜ್ಯ, ಗಡಿಯ ತಕರಾರು ಅಲ್ಲಿ ತೀರ್ಮಾನವಾದದ್ದುಂಟು. ನಾಟಕ ಮುಗಿದ ಮೇಲೆ ಪ್ರೇಕ್ಷಕನು ಯಾವ ತೀರ್ಪಿಗೂ ಒಳಪಡದೆ ಮನೆಗೆ ಹೋಗುತ್ತಾನೆ. ಕೋಲವನ್ನು ಇನ್ನೂ ನಾಟಕವಾಗದೆ ಉಳಿದ ರೂಪವೆಂದು ಓದುವುದೆಂದರೆ, ಅದರ ನ್ಯಾಯವಿಧಾನವನ್ನೂ ವಂಶಪರಂಪರೆಯಾಗಿ ಅದನ್ನು ಕಟ್ಟಿಕೊಂಡು ಬಂದ ಪಂಬದ, ಪರವ, ನಲಿಕೆ ಸಮುದಾಯಗಳ ಅಧಿಕಾರವನ್ನೂ ಲೆಕ್ಕದಿಂದ ಕೈಬಿಟ್ಟಂತೆ.